ಹುಣಸೆ ಬೀಜದ ಡಬ್ಬಿ

ಅರ್ಜಿಯ ನಾಲ್ಕನೇ ಪುಟದಲ್ಲಿ ಒಂದು ಕಾಲಂ:
ಅನುಭವ, ವರ್ಷಗಳಲ್ಲಿ.
ಹತ್ತೊಂಬತ್ತು ಎಂದು ಬರೆದೆ, ಸ್ವಲ್ಪ ದೊಡ್ಡದಾಗಿಯೇ.
ವಿದ್ಯಾರ್ಹತೆಯ ಕಾಲಂ ಸಣ್ಣದಿತ್ತು, ಒಳ್ಳೆಯದೇ ಆಯಿತು;
ಎರಡನೇ ಸಲಕ್ಕೆ ಪಾಸಾದ ಪ್ಲಸ್ ಟು
ಅದರಲ್ಲಿ ಆರಾಮಾಗಿ ಹಿಡಿಯಿತು.

ಉಪ್ಪಳ ರೈಲ್ವೆ ಗೇಟಿನ ಈಚೆ ಹೆಂಚಿನ ಎರಡು ಕೋಣೆ.
ಮೀನು ಮಾರುವವರ, ಗೇರುಬೀಜ ಸುಲಿಯುವವರ,
ಗಂಡನನ್ನು ಗಲ್ಫಿಗೆ ಕಳಿಸಿ ಟೈಲರಿಂಗಿಗೆ ಕೂತವರ
ಇಪ್ಪತ್ತಾರು ಮಕ್ಕಳು.
ಬೋರ್ಡು ಇಲ್ಲ. ‘ವಾರಿಜ ಟೀಚರಲ್ಲಿ ಬಿಟ್ಟು ಬಾ’ ಎಂದರೆ
ಊರಿಗೆಲ್ಲ ಗೊತ್ತು.
ಈಗ ಲೈಸೆನ್ಸು ಬೇಕು. ಲೈಸೆನ್ಸಿಗೆ ಒಬ್ಬಳು ಮುಖ್ಯಸ್ಥೆ ಬೇಕು.
ಮುಖ್ಯಸ್ಥೆಗೆ ಇಪ್ಪತ್ತೊಂದು ದಿನದ ತರಬೇತಿ.

ಮೊದಲ ದಿನ ಬಸ್‌ಸ್ಟ್ಯಾಂಡಿಗೆ ಬಿಟ್ಟದ್ದು ಶಮ್ನಾಸ್.
ಆಟೋ ಬಾಡಿಗೆ ತೆಗೆದುಕೊಳ್ಳಲಿಲ್ಲ.
“ಟೀಚರಿಗೂ ಟೀಚರಾ?” ಎಂದು ನಕ್ಕ.
ನನಗೂ ಹಾಗೇ ಅನ್ನಿಸಿತ್ತು, ಸುಳ್ಳು ಯಾಕೆ.

ವಿದ್ಯಾನಗರದಲ್ಲಿ ಪಾಠ, ಮಲಯಾಳದಲ್ಲಿ.
ಬೇಗ ಬೇಗ ಹೇಳಿದ್ದನ್ನು ಪೆರ್ಲದ ಫಿಲೋಮಿನಾ ಪಿಸುಗುಟ್ಟುತ್ತಿದ್ದಳು:
ಮಗುವೊಂದಕ್ಕೆ ಎಷ್ಟು ಚದರಡಿ,
ಬೆಂಕಿ ಆರಿಸುವ ಕೆಂಪು ಸಿಲಿಂಡರು ಎಲ್ಲಿ ತೂಗಬೇಕು,
ಯಾವ ರಿಜಿಸ್ಟರಿಗೆ ಯಾರ ಸಹಿ.
ನಾನು ಕಿಟಕಿ ನೋಡುತ್ತಿದ್ದೆ.
ಕಲಿಸುವವಳಿಗೆ ನನ್ನ ಮಗಳ ಪ್ರಾಯ;
ಒಂದು ಮೂಗು ಒರೆಸಿದವಳಲ್ಲ ಎಂದು
ನಾನೇ ತೀರ್ಮಾನಿಸಿಬಿಟ್ಟಿದ್ದೆ.

ಹನ್ನೊಂದನೇ ದಿನ ಮೇಜಿನ ಮೇಲೆ ರಬ್ಬರು ಗೊಂಬೆ ತಂದಿಟ್ಟಳು.
ಗಂಟಲಲ್ಲಿ ಸಿಕ್ಕಿಕೊಂಡರೆ ಏನು ಮಾಡುತ್ತೀರಿ?
ಕೈ ಎತ್ತಿದೆ. ನನ್ನಲ್ಲಿ ಕಥೆ ಇತ್ತಲ್ಲ:
ಶುರುಮಾಡಿದ ಮೊದಲ ವರ್ಷ, ಎರಡೂವರೆಯ ಹುಡುಗ, ಹುಣಸೆ ಬೀಜ.
ಕಾಲು ಹಿಡಿದು ತಲೆಕೆಳಗೆ ಮಾಡಿದೆ,
ಬಾಯಿಗೆ ಬೆರಳು ಹಾಕಿ ತಡಕಿದೆ, ಬಂತು ಬೀಜ.
ಹುಡುಗ ಈಗ ಆಟೋ ಓಡಿಸುತ್ತಾನೆ, ಎಂದೆ.
ಮದುವೆಮನೆಗಳಲ್ಲಿ, ಆಸ್ಪತ್ರೆಯ ಸಾಲಿನಲ್ಲಿ
ಎಷ್ಟು ಸಲ ಹೇಳಿದ್ದೆನೋ ಇದನ್ನು.

ಆಕೆ ನಗಲಿಲ್ಲ, ಬೈಯಲೂ ಇಲ್ಲ.
“ಬೆರಳು ಹಾಕಿದರೆ ಬೀಜ ಇನ್ನೂ ಒಳಗೆ ಹೋಗುತ್ತದೆ ಟೀಚರೇ.
ಅವತ್ತು ಅದು ಹೊರಗೆ ಬಂದದ್ದು ನಿಮ್ಮಿಂದ ಅಲ್ಲ.”
ಇದಕ್ಕೆ ಫಿಲೋಮಿನಾ ಬೇಕಾಗಲಿಲ್ಲ.

ನೀರ್, ವೆಳ್ಳಂ, ಉದಾಕ್, ಪಾನಿ,
ಯಾವ ಮಗು ಹೇಗೆ ಕೇಳಿದರೂ ಲೋಟ ಕೊಟ್ಟವಳೆಂಬ ಜಂಬ ನನಗೆ.
ಉಸಿರು ಕಟ್ಟಿದ ಮಗು
ಯಾವ ಭಾಷೆಯಲ್ಲೂ ಅಳುವುದಿಲ್ಲ.

ಕೈ ಹಿಡಿದು ತೋರಿಸಿದಳು:
ಬಗ್ಗಿಸಿ, ಎರಡು ಹೆಗಲ ಮೂಳೆಗಳ ನಡುವೆ,
ಅಂಗೈಯ ಬುಡದಿಂದ, ಐದು.
ಪ್ರೀತಿಯಿಂದ ತಟ್ಟಿದರೆ ಸಾಲದು, ಎಂದಳು.
ಇಷ್ಟು ವರ್ಷ ತಟ್ಟಿ ಮಲಗಿಸಿದ ಕೈ
ಗೊಂಬೆಗೆ ಹೊಡೆಯಲು ನಾಚಿತು.
ಮೂರನೇ ಸಲಕ್ಕೆ ಸರಿ ಬಂತು.

ಸಂಜೆ ಬಂದವಳೇ ಅಟ್ಟಣಿಗೆಯಿಂದ ಡಬ್ಬಿ ಇಳಿಸಿದೆ.
ಒಂದು ಎರಡು ಕಲಿಸಿದ ಬೀಜಗಳು,
ಎಷ್ಟೋ ಕೈಗಳ ಎಣ್ಣೆಗೆ ಮಿರುಗುತ್ತಿದ್ದವು.
ಅವತ್ತಿನ ಬೀಜವನ್ನೂ ತೊಳೆದು
ಇದಕ್ಕೇ ಹಾಕಿದ್ದೆ.
ಯಾವುದದು, ಈಗ ಹುಡುಕಿದರೆ ಸಿಗುತ್ತದೆಯೇ?
ಅಷ್ಟನ್ನೂ ಒಲೆಗೆ ಸುರಿದೆ.
ನಾಳೆಯಿಂದ ಲೆಕ್ಕಕ್ಕೆ ಗೆರಟೆ.

ಲೈಸೆನ್ಸು ಇನ್ನೂ ಬಂದಿಲ್ಲ.
ಅಂಗಳ ಸಾಲದಂತೆ;
ಹೆದ್ದಾರಿ ನುಂಗಿದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ.
ಪುನಃ ಅರ್ಜಿ. ಪುನಃ ನಾಲ್ಕನೇ ಪುಟ.
ಆ ಕಾಲಮ್ಮಿನಲ್ಲಿ ಪೆನ್ನು ನಿಂತುಬಿಡುತ್ತದೆ:
ಹತ್ತೊಂಬತ್ತರಲ್ಲಿ ನನ್ನದೆಷ್ಟು,
ಅದೃಷ್ಟದ್ದೆಷ್ಟು?

ಶಮ್ನಾಸನ ಆಟೋದಲ್ಲಿ ಹಿಂದೆ ಕೂತರೆ
ಈಗ ಅವನ ಕತ್ತಿನ ಮೇಲೇ ಕಣ್ಣು.
ಅವನು ಮಾತಾಡುತ್ತ, ಹಾರ್ನು ಒತ್ತುತ್ತ,
ಒಂದೊಂದೇ ನೆಲಗಡಲೆ ಬಾಯಿಗೆ ಎಸೆದುಕೊಳ್ಳುತ್ತಾನೆ.
“ಮೆಲ್ಲ” ಎನ್ನುತ್ತೇನೆ.
ರಸ್ತೆಯ ಹೊಂಡಕ್ಕೆ ಹೇಳಿದೆನೆಂದು
ಸ್ಪೀಡು ಕಮ್ಮಿ ಮಾಡುತ್ತಾನೆ.